ಕಸದ ಗೋಡೆಯ ಬಿಸಿಲು

ಪೆನ್ನು ಬರೆಯುತ್ತಿರಲಿಲ್ಲ. ಶಾಯಿ ಗಟ್ಟಿಯಾಗಿತ್ತೋ, ತನ್ನ ಬೆರಳೇ ಸರಿಯಾಗಿ ಒತ್ತುತ್ತಿರಲಿಲ್ಲವೋ ವಿಶ್ವನಾಥನಿಗೆ ತಿಳಿಯಲಿಲ್ಲ. ಲಂಡನ್ನಿನ ಅಂಚಿನ ಫೆಲ್ಥಮ್‌ನ ಆ ಅಂಗಳದಲ್ಲಿ, ಖಾಲಿ ಬೆಂಚುಗಳ ಮುಂದೆ, ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿಕೊಂಡು ಬೆಳಗಿನಿಂದ ನಿಂತಿದ್ದ. ಸ್ಟ್ಯಾಂಡಿನ ತುದಿಯಲ್ಲಿ ಬೂದು ಬಣ್ಣ ಬಳಿದ ಒಂದು ಪಿಂಗ್‌ಪಾಂಗ್ ಚೆಂಡು, ಚೆಂಡಿನ ಹೊಟ್ಟೆಯಲ್ಲಿ ಥರ್ಮಾಮೀಟರು. ಬರೀ ಗಾಳಿಯ ಶಾಖವನ್ನಲ್ಲ, ಬಿಸಿಲು, ಗೋಡೆ, ನೆಲ ಎಲ್ಲ ಸೇರಿ ಅಲ್ಲಿ ನಿಂತ ಒಂದು ಮೈಗೆ ಎಷ್ಟು ತಟ್ಟುತ್ತದೆ ಎನ್ನುವುದನ್ನು ಅದು ಹೇಳುತ್ತದೆ. ಮೈಯೇ ಇಲ್ಲದ ಚೆಂಡು ಮೈಯ ಸುದ್ದಿ ಹೇಳಬೇಕು, ಮೈಯಿದ್ದ ತಾನು ಅದನ್ನು ಬರೆದುಕೊಳ್ಳಬೇಕು. ಇದಕ್ಕೆ ಸಂಬಳ ಬೇರೆ. ವಿಮಾನವೊಂದು ತಲೆಯ ಮೇಲೇ ಇಳಿಯುವಂತೆ ಇಳಿದುಹೋಯಿತು. ಫೆಬ್ರವರಿಯ ಆಕಾಶ ಅಪರೂಪಕ್ಕೆ ನೀಲಿಯಾಗಿತ್ತು, ಎದುರು ಕಟ್ಟಡದ ಮೇಲ್ಗಡೆಯ ಕಿಟಕಿಗಳಲ್ಲಿ ಸೂರ್ಯ ಫಳಫಳ ಹೊಳೆಯುತ್ತಿದ್ದ, ಆದರೆ ಬೆಂಚುಗಳಿದ್ದ ಕಡೆ ನೆಲದ ಮೇಲಿನ ಇಬ್ಬನಿ ಕೂಡ ಮಧ್ಯಾಹ್ನವಾದರೂ ಕರಗಿರಲಿಲ್ಲ. ಕರಗುವುದಿಲ್ಲ. ಸೆಪ್ಟೆಂಬರ್ ಮುಗಿದರೆ ಏಪ್ರಿಲ್‌ವರೆಗೂ ಆ ಬೆಂಚುಗಳಿಗೆ ಬಿಸಿಲೆಂಬುದು ಗೊತ್ತಿಲ್ಲ. ಅವನ್ನು ಅಲ್ಲಿಟ್ಟವನು ತಾನೇ.

ಮೂರ್ಖ, ಎಂದು ತನ್ನನ್ನು ತಾನೇ ಬೈದುಕೊಂಡ. ಅದೂ ಇಂಗ್ಲಿಷಿನಲ್ಲಿ, ಯಾಕೆಂದರೆ ಕನ್ನಡದಲ್ಲಿ ಬೈದರೆ ನಿಜವಾಗಿ ತಟ್ಟುತ್ತದೆ. ಏಳು ವರ್ಷದ ಹಿಂದೆ ಅಕ್ಸ್‌ಬ್ರಿಡ್ಜ್‌ನ ಆಫೀಸಿನಲ್ಲಿ ಕೂತು ಈ ಅಂಗಳದ ನಕ್ಷೆ ಎಳೆದಾಗ ಅವನಿಗೆ ಎಷ್ಟು ಖುಷಿಯಾಗಿತ್ತೆಂದರೆ, ಮನೆಗೆ ಒಯ್ದು ಹೆಂಡತಿ ಗುರುದೇವಿಗೂ ತೋರಿಸಿದ್ದ. ದಕ್ಷಿಣಕ್ಕೆ ಎರಡು ಅಂತಸ್ತಿನ ಹಳೆಯ ಕಟ್ಟಡ, ಉತ್ತರಕ್ಕೆ ನಾಲ್ಕು ಅಂತಸ್ತಿನ ಹೊಸದು, ನಡುವೆ ಅಂಗಳ. ದಕ್ಷಿಣದ ಕಟ್ಟಡದ ಬುಡಕ್ಕೆ ಬೆಂಚುಗಳು. ನೈರುತ್ಯದ ಮೂಲೆಯಲ್ಲಿ ಒಂದು ಸಂದು, ಗಾಳಿಯಾಡಬೇಕಲ್ಲ ಅಂಗಳದಲ್ಲಿ. ಇಡೀ ದಿನ ಬಿಸಿಲು ಬೀಳುವ ಉತ್ತರದ ಗೋಡೆಯ ಬುಡ, ಅಲ್ಲಿ ಯಾರು ಕೂರುತ್ತಾರೆ, ಅಲ್ಲಿ ಕಸದ ಡಬ್ಬಿಗಳು ಇರಲಿ ಎಂದು ಮೊಣಕಾಲೆತ್ತರದ ಇಟ್ಟಿಗೆ ಗೋಡೆ ಸುತ್ತಿಸಿ ಕೊಟ್ಟುಬಿಟ್ಟಿದ್ದ. ಒಂದು ಗೆರೆಯನ್ನೂ ಅಳಿಸಿ ಬರೆಯಬೇಕಾಗಿ ಬಂದಿರಲಿಲ್ಲ. ಕೈಗೆ ಎಲ್ಲ ಮೊದಲೇ ಗೊತ್ತಿತ್ತು. ಕಲಬುರ್ಗಿಯ ಬ್ರಹ್ಮಪುರದ ಮನೆಯಲ್ಲಿ ಅಪ್ಪ ಏಪ್ರಿಲ್ ತಿಂಗಳಲ್ಲಿ ಹೊರಸು ಮಂಚವನ್ನು ನೆರಳಿನ ಜೊತೆಗೇ ಎಳೆದಾಡುತ್ತಿದ್ದ, ಬೆಳಿಗ್ಗೆ ಬೇವಿನ ಗಿಡದ ಈ ಕಡೆ, ಊಟವಾದ ಮೇಲೆ ಆ ಕಡೆ. ದಕ್ಷಿಣಕ್ಕೆ ಮುಖ ಮಾಡಿದ ಹಿತ್ತಿಲ ಗೋಡೆ ರಾತ್ರಿ ಕೈ ಇಟ್ಟರೂ ಸುಡುತ್ತಿತ್ತು. ಅಲ್ಲಿ ಕಟ್ಟಿಗೆ, ಒಡೆದ ಗಡಿಗೆ, ಸಗಣಿ, ಮುಸುರೆ. ಮನುಷ್ಯರಾದವರು ಕೂರುವ ಜಾಗವಲ್ಲ ಅದು. ಲಂಡನ್ನಿಗೆ ಬಂದು ಸೂರ್ಯನ ಕೋನಗಳ ಲೆಕ್ಕ ಕಲಿತ, ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆ ತೆಗೆದುಕೊಂಡ, ಬೇರೆಯವರ ನಕ್ಷೆಗಳಲ್ಲಿ ಗಾಳಿ ಎಲ್ಲಿ ಕೊರೆಯುತ್ತದೆ, ನೆರಳು ಎಷ್ಟುದ್ದ ಬೀಳುತ್ತದೆ ಎಂದು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿಯೂ ಕೊಟ್ಟ. ತನ್ನ ನಕ್ಷೆ ಎಳೆಯುವಾಗ ಮಾತ್ರ ಕೈ ಸೀದಾ ಬ್ರಹ್ಮಪುರಕ್ಕೆ ಹೋಗಿಬಿಟ್ಟಿತ್ತು. ಗುರುದೇವಿಗೆ ಇದೆಲ್ಲ ಮೊದಲ ಚಳಿಗಾಲದಲ್ಲೇ ತಿಳಿಯಿತು. "ನೀವು ಕಲಬುರ್ಗಿ ಬಿಟ್ರೂ ಅಲ್ಲೀ ಬಿಸಲು ನಿಮ್ಮನ್ನ ಬಿಟ್ಟಿಲ್ಲ ನೋಡ್ರಿ," ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ನಗುವಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

ಮುಗಿದಿರಲಿಲ್ಲ. ಹೋದ ವಾರ ಫ್ಲ್ಯಾಟುಗಳ ಒಡೆತನದ ಸಂಸ್ಥೆಯಿಂದ ಮಿಸೆಸ್ ಹಾರ್‌ಗ್ರೀವ್ ಎಂಬಾಕೆ ಆಫೀಸಿಗೆ ಬಂದಿದ್ದಳು. ಅಂಗಳದಲ್ಲಿ ಒಬ್ಬರೂ ಕೂರುವುದಿಲ್ಲ, ಕಾರು ನಿಲ್ಲಿಸಲು ಜಾಗವಿಲ್ಲವೆಂದು ಜನ ದಿನಾ ಜಗಳ ತೆಗೆಯುತ್ತಾರೆ, ಬೆಂಚು ಕಿತ್ತು ಕಾರುಗಳಿಗೆ ಬಿಡುವುದೇ ಸರಿ, ಆದರೆ ಅದಕ್ಕೆ ಮೊದಲು ಒಂದು ಅಧ್ಯಯನ ಅಂತ ಆಗಬೇಕು, ಎಂದು ಹೇಳಿದಳು. ಒಳ್ಳೆಯ ಹೆಂಗಸು. ಸಿಟ್ಟು ಮಾಡಿಕೊಳ್ಳುವವಳಲ್ಲ. ಚಹಾದ ಕಪ್ಪನ್ನು ಕೆಳಗಿಟ್ಟು, ಅಲ್ಲಿರುವವರಲ್ಲಿ ಅರ್ಧಕ್ಕರ್ಧ ನಿಮ್ಮ ಕಡೆಯವರು, ನಿಮ್ಮ ಜನಕ್ಕೆ ಹೊರಗೆ ಕೂರುವ ರೂಢಿ ಇಲ್ಲ ಅಲ್ಲವೇ ಮಿಸ್ಟರ್ ವಿಶ್, ಎಂದು ತೀರಾ ಆಪ್ತವಾಗಿ ಕೇಳಿದಳು. ರೂಢಿ ಇಲ್ಲ! ಹುಟ್ಟಿದ್ದು, ಮಾತು ಕಲಿತದ್ದು, ಜಗಳವಾಡಿದ್ದು, ಲಗ್ನ ಗೊತ್ತು ಮಾಡಿಕೊಂಡಿದ್ದು ಎಲ್ಲ ಮನೆ ಮುಂದಿನ ಕಟ್ಟೆಯ ಮೇಲೆ. ಬೇಸಿಗೆಯಲ್ಲಿ ಮಲಗುತ್ತಿದ್ದದ್ದೂ ಹೊರಗೇ. ಇಷ್ಟನ್ನೂ ಹೇಳಬಹುದಿತ್ತು. ಹೇಳಿದ್ದರೆ ಮುಂದಿನ ಪ್ರಶ್ನೆ, ಹಾಗಾದರೆ ಇಲ್ಲಿ ಯಾಕೆ ಕೂರುವುದಿಲ್ಲ ಎಂದು ಬರುತ್ತಿತ್ತು. ಅವನು ತಲೆಯಾಡಿಸಿದ. ಹೌದು ಎನ್ನುವ ಹಾಗೂ ಇಲ್ಲ ಎನ್ನುವ ಹಾಗೂ ಅಲ್ಲ, ನಮ್ಮ ಕಡೆ ಆಡಿಸುವ ಹಾಗೆ, ಯಾವುದಾದರೂ ಆಗಲಿ ಎಂಬಂತೆ. ಆಕೆ ಹೌದು ಎಂದು ತಿಳಿದುಕೊಂಡಳು. ಆ ರಾತ್ರಿ ಊಟಕ್ಕೆ ಕೂತಾಗ ಸಿಟ್ಟು ಬಂತು, ಅದೂ ಆಕೆಯ ಮೇಲೆ. ತಲೆಯಾಡಿಸಿದವನ ಮೇಲೆ ಬರಬೇಕಾದದ್ದು.

ಬೆಳಗಿನಿಂದ ಸಿಕ್ಕವರು ಇಷ್ಟೇ: ನಾಯಿಯ ಜೊತೆ ಬಂದ ಒಬ್ಬ ಮುದುಕ, ಅವನು ನಿಲ್ಲಲೇ ಇಲ್ಲ, ಸಿಗರೇಟು ಸೇದಲು ಬಂದ ಇಬ್ಬರು ಹುಡುಗಿಯರು, ಅವರು ಬೆಂಚಿನ ಹತ್ತಿರ ಬಂದವರೇ ಸಂದಿನಿಂದ ನುಗ್ಗಿದ ಗಾಳಿಗೆ ಕೂದಲು ಹಿಡಿದುಕೊಂಡು, ಈ ಜಾಗವನ್ನು ಯಾವ ಪುಣ್ಯಾತ್ಮ ಮಾಡಿದನೋ ಎನ್ನುವ ಅರ್ಥದ ಒಂದು ಮಾತಾಡಿ, ಕಸದ ಡಬ್ಬಿಗಳ ಕಡೆ ಹೋಗಿ ಸೇದಿದರು. ಪುಣ್ಯಾತ್ಮ ಅಲ್ಲೇ ನಿಂತು ಕೇಳಿಸಿಕೊಂಡ. ಇನ್ನೇನು ಚೆಂಡನ್ನು ಬಿಚ್ಚಿ ಚೀಲಕ್ಕೆ ಹಾಕಬೇಕು ಎನ್ನುವಾಗ ಹೊಸ ಕಟ್ಟಡದ ಬಾಗಿಲು ತೆಗೆದು ಶಿವಕ್ಕ ಹೊರಗೆ ಬಂದಳು. ಎಪ್ಪತ್ತು ದಾಟಿದ ಬಿಜಾಪುರದ ಮುದುಕಿ, ಎರಡನೇ ಅಂತಸ್ತಿನಲ್ಲಿ ಮಗ ಸೊಸೆಯ ಜೊತೆ ಇರುವವಳು. ಇಳಕಲ್ ಸೀರೆ, ಕಾಲಿಗೆ ಉಣ್ಣೆಯ ಚೀಲ, ಅದರ ಮೇಲೆ ಬಾತ್‌ರೂಮಿನ ಚಪ್ಪಲಿ, ಎಲ್ಲದರ ಮೇಲೆ ವಿಮಾನದ ಸಾಮಾನು ಏರಿಸುವ ಮಗ ವಿಕಾಸನ ಹಳದಿ ಜಾಕೀಟು, ಬೆನ್ನಿಗೆ ಮಿರಿಮಿರಿ ಪಟ್ಟಿ. ಮೊದಲಿಗಿಂತ ಸಣ್ಣಗಾಗಿದ್ದಳು. ಮುಖ ಇಳಿದು ಮೂಗು ದೊಡ್ಡದಾಗಿ ಕಾಣುತ್ತಿತ್ತು. ಸೀದಾ ಬಂದು ನಡುವಿನ ಬೆಂಚಿನ ಮೇಲೆ, ಪಂಕ್ತಿಯಲ್ಲಿ ತನ್ನ ಎಲೆಯ ಮುಂದೆ ಕೂರುವಷ್ಟು ಖಚಿತವಾಗಿ, ಕೂತುಬಿಟ್ಟಳು.

"ಬಂದೀಯೇನ ತಮ್ಮಾ? ಬೆಳಿಗ್ಗಿಂದ ಖಿಡಕ್ಯಾಗಿಂದ ನೋಡಾಕತ್ತಿದ್ದೆ. ಏನ ಅದು ಚೆಂಡು, ಆಡ್ತೀಯೇನು?"

"ಇಲ್ರೀ ಅವ್ವಾರ, ಅಳತಿ ತಗೋಳ್ಳದು," ಎಂದ. ಈ ಮುದುಕಿಯ ಪರಿಚಯವಾದದ್ದೂ ಇದೇ ಅಂಗಳದಲ್ಲಿ. ಜುಲೈ ತಿಂಗಳು, ಅಂಗಳ ತೆರೆದ ದಿನ, ಲಂಡನ್ನಿನ ಜನ ಬಿಸಿಲು ತಾಳಲಾರದೆ ಒದ್ದೆ ಕರವಸ್ತ್ರ ತಲೆಗೆ ಹಾಕಿಕೊಂಡಿದ್ದರು, ಬೆಂಚುಗಳು ತುಂಬಿದ್ದವು, ಒಬ್ಬರೂ ಹೊಗಳದೆ ಹೋಗಲಿಲ್ಲ. ಕಣಜದ ಹುಳವೊಂದು ಕೈಗೆ ಕಚ್ಚಿ, ಇವನು ಕನ್ನಡದಲ್ಲಿ ಏನೋ ಅಂದ; ಮೇಲಿನ ಕಿಟಕಿಯಿಂದ, ಯಾವೂರ್ರೀ ತಮ್ಮಾ, ಎಂದು ಕೂಗು ಬಂತು. ಆಕೆ ಇಳಿದು ಬಂದು, ಬೆರಳಿಗೆ ಸುಣ್ಣ ಹಚ್ಚಿ, ಬೆಂಚಿನ ಮೇಲೆ ಕೂತು, ಆಹಾ ಏನು ತಂಪು, ನಮ್ಮ ಕಡಿಯವ ಕಟ್ಟಿದ್ದು ಅಂದ್ರ ಕಟ್ಟಿದ್ದು, ಎಂದು ಪಕ್ಕದ ಪಂಜಾಬಿ ಹೆಂಗಸಿಗೆ ಕನ್ನಡದಲ್ಲೇ ಹೇಳಿದ್ದಳು. ಅವಳಿಗೆ ತಿಳಿದಂತೆಯೂ ಕಂಡಿತ್ತು. ಅಂಥ ಹೊಗಳಿಕೆ ಅವನಿಗೆ ಆಮೇಲೆ ಯಾರಿಂದಲೂ ಬರಲಿಲ್ಲ.

ಅಧ್ಯಯನದ ನಿಯಮದ ಪ್ರಕಾರ ಅಂಗಳದಲ್ಲಿ ಕೂತವರನ್ನೆಲ್ಲ ಕೇಳಲೇಬೇಕು. "ಅವ್ವಾರ, ಒಂದು ಮಾತು ಕೇಳ್ತೀನಿ, ಇದ್ದದ್ದು ಇದ್ದಂಗ ಹೇಳ್ಬೇಕು. ಈಗ ಇಲ್ಲಿ ಕುಂತಾಗ ನಿಮಗ ಹ್ಯಾಂಗ ಅನಸ್ಲತ್ತದ? ಭಾಳ ಥಂಡಿ, ಒಂದೀಟು ಥಂಡಿ, ಎರಡೂ ಇಲ್ಲ, ಬೆಚ್ಚಗ, ಭಾಳ ಸೆಕಿ. ಇದರಾಗ ಯಾವುದು?"

"ಹೆಚ್ಚಿನ ಮಾರ್ಕು ಯಾವದಕ್ಕ ಐತಿ?"

"ಮಾರ್ಕು ಅಂತ ಏನಿಲ್ರೀ."

"ಮಾರ್ಕ್ ಇಲ್ದ ಯಾರರೆ ಪರೀಕ್ಷಾ ಮಾಡ್ತಾರು? ಬೆಚ್ಚಗ ಅಂತ ಬರಕೊ. ದಿನಾ ಬರ್ತಾರೇನು ಅಂತ ಕೇಳಿದ್ರ, ಹೂಂ, ದಿನಾ ಬರ್ತಾಳು ಅಂತ ಬರಕೊ. ನನ್ನ ಹೆಸರು ಪೂರ್ತಿ ಹಾಕು."

ಹೇಳುವಾಗ ಆಕೆಯ ಕೆಳತುಟಿ ನೀಲಿಗಟ್ಟಿತ್ತು, ಮೂಗಿನ ತುದಿಯಲ್ಲಿ ನೀರು ನಿಂತಿತ್ತು. ಕೈಗಳನ್ನು ಜಾಕೀಟಿನ ತೋಳಿನೊಳಗೆ ಎಳೆದುಕೊಂಡು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಆಮೇಲೆ ಕೆಮ್ಮು ಬಂತು. ಗಂಟಲಿನದಲ್ಲ, ಎದೆಯ ಆಳದಿಂದ ಎದ್ದು ಹೊರಬರಲಾರದೆ ಒಳಗೇ ತಿರುಗಿದ್ದು. ಕೆಮ್ಮು ನಿಂತ ಮೇಲೆ ಅವನ ಕಡೆ ನೋಡಿ, ಇದನ್ನೇನು ಬರೆದುಕೊಳ್ಳಬೇಕಾಗಿಲ್ಲ ಎನ್ನುವಂತೆ ಕೈಬೀಸಿದಳು. ವಿಶ್ವನಾಥ ಕಾಗದದ ಮೇಲೆ ಪೆನ್ನು ಇಟ್ಟುಕೊಂಡು ನಿಂತ. ಬೆಚ್ಚಗೆ ಎಂದು ಬರೆದರೆ ಅದು ಅವಳ ಮಾತು. ಅಧ್ಯಯನಕ್ಕೆ ಬೇಕಾದದ್ದು ಮಾತೇ. ತುಟಿಯ ಬಣ್ಣಕ್ಕೆ ಅದರಲ್ಲಿ ಜಾಗವಿಲ್ಲ. ಹಾಗೆ ಬರೆದು, ಒಬ್ಬರಾದರೂ ದಿನಾ ಕೂರುತ್ತಾರೆ, ಹಿತವಾಗಿದೆ ಎನ್ನುತ್ತಾರೆ ಎಂದು ವರದಿ ಕೊಟ್ಟರೆ ಬೆಂಚುಗಳು ಉಳಿದುಕೊಳ್ಳಲೂಬಹುದು. ತನ್ನ ಮರ್ಯಾದೆಯೂ ಉಳಿಯುತ್ತದೆ. ಒಂದು ಕ್ಷಣ ಅವನಿಗೆ ನಿಜಕ್ಕೂ ಸಮಾಧಾನವಾಯಿತು, ಆ ಸಮಾಧಾನ ನೆನೆದು ಅಸಹ್ಯವೂ ಆಯಿತು.

"ಅಂಕಲ್, ಒಂದ್ ಮಿನಿಟ್ ಬರ್ರಿ ಇಲ್ಲಿ." ಶಿವಕ್ಕನ ಸೊಸೆ ಪ್ರಿಯಾಂಕಾ. ಬೆಳಗಿನ ಪಾಳಿ ಮುಗಿಸಿ ವಿಮಾನ ನಿಲ್ದಾಣದ ಸಮವಸ್ತ್ರದಲ್ಲೇ ಬಂದಿದ್ದಳು, ಕೈಯಲ್ಲಿ ಹಾಲಿನ ಡಬ್ಬಿ. ಅವನನ್ನು ಮೆಟ್ಟಿಲ ಹತ್ತಿರ, ಮುದುಕಿಗೆ ಕೇಳದಷ್ಟು ದೂರ ಕರೆದುಕೊಂಡು ಹೋದಳು. ಬೆಳಗಾವಿಯ ಹುಡುಗಿ, ಮಾತಿನಲ್ಲಿ ಸುತ್ತುಬಳಸು ಇಲ್ಲ. "ಅತ್ತಿಯವರು ಅಲ್ಲಿ ಯಾಕ ಕುಂದರ್ತಾರ ಗೊತ್ತೈತೇನ್ರಿ ನಿಮಗ?"

"ಹೊರಗ ಗಾಳಿಗೆ ಬರ್ತಾರ…"

"ಗಾಳಿಗಲ್ರಿ. ನಿಮ್ಮ ಸಲುವಾಗಿ. ನವೆಂಬರ್‌ದಾಗ ಲಿಫ್ಟ್ ಹತ್ರ ನೋಟಿಸ್ ಹಚ್ಚಿದ್ರು, ಯಾರೂ ಕುಂದ್ರಂಗಿಲ್ಲ, ಬೆಂಚ್ ತೆಗಿತೀವಿ ಅಂತ. ನಾನ ಓದಿ ಹೇಳ್ದೆ, ನನ್ನ ಬಾಯಾಗ ಮಣ್ಣ ಬೀಳ. ಬೆಂಚ್ ತೆಗದ್ರ ಆ ಹುಡುಗನ ನೌಕರಿ ಹೋಗ್ತೈತಿ, ಹೆಂಡತಿ ಮಕ್ಕಳು ಅದಾರ, ಯಾರರೆ ಕುಂತು ತೋರಸ್ಬೇಕು ಅಂದ್ರು ಅತ್ತಿ. ಅವತ್ತಿಂದ ದಿನಾ ಊಟಾ ಆದ ಕೂಡ್ಲೇ ಕೆಳಗ. ಜನವರಿಯಾಗ ಎದಿಗೆ ಥಂಡಿ ಹೊಕ್ಕು ಆಸ್ಪತ್ರ್ಯಾಗ ಇದ್ರು ಅಂಕಲ್, ಆಕ್ಸಿಜನ್ ಹಚ್ಚಿದ್ರು. ಇನ್ನೊಮ್ಮೆ ಹಿಂಗಾದ್ರ ಕಷ್ಟ ಅಂತ ಜಿಪಿ ಡಾಕ್ಟರು ಸ್ಟ್ರೇಟಾಗಿ ಹೇಳ್ಯಾರ. ಮನಿಗೆ ಬಂದ ಮರುದಿನಾನ ಮತ್ತ ಇಲ್ಲಿ."

ಅವನಿಗೆ ಮೈಯೆಲ್ಲ ಹಿಡಿಯಷ್ಟಾಯಿತು. ಆಸ್ಪತ್ರೆಯ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ. ಏನಾದರೂ ಹೇಳಬೇಕೆಂದು, "ಮನ್ಯಾಗೇ ಇರ್ರಿ ಅಂತ…" ಎಂದು ತೊದಲಿದ.

"ಮನ್ಯಾಗ ಹೆಂಗ್ ಇರ್ತಾರ್ರಿ? ನಾವಿಬ್ರೂ ಡ್ಯೂಟಿಗೆ ಹೋದ್ರ ಗ್ವಾಡಿ ನೋಡ್ಕೋಂತ ಕುಂದರ್ಬೇಕು. ಹ್ವಾದ ವರ್ಷ ಹಂಗ ಕುಂತು ಕುಂತು ಮಾತ ಬಿಟ್ಟಿದ್ರು, ಎರಡ ತಿಂಗಳು. ಹೊರಗ ಬರಬೇಕ್ರಿ ಅವರು. ಆದ್ರ ಅಲ್ಲಿ ಕುಂದ್ರಬಾರ್ದು. ನಿಮ್ಮ ಮಾತು ಅಂದ್ರ ಕೇಳ್ತಾರ, ನೀವ ಎಬ್ಬಸ್ರಿ." ಅಷ್ಟು ಹೇಳಿ ಅವಳು ಹಾಲಿನ ಡಬ್ಬಿ ಎದೆಗವಚಿಕೊಂಡು ಒಳಗೆ ಹೋದಳು. ಬೈದಿರಲಿಲ್ಲ. ಬೈದಿದ್ದರೆ ಅವನು ಸುಧಾರಿಸಿಕೊಳ್ಳಬಹುದಿತ್ತು.

ನಡೆದುಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಕೂತ ತಕ್ಷಣ ಚಳಿ ಪ್ಯಾಂಟು ದಾಟಿ, ಚರ್ಮ ದಾಟಿ, ಎಲುಬಿಗೇ ಹತ್ತಿತು. ಇಷ್ಟು ವರ್ಷದಲ್ಲಿ ಚಳಿಗಾಲದಲ್ಲಿ ತಾನು ಇದರ ಮೇಲೆ ಒಮ್ಮೆಯೂ ಕೂತಿಲ್ಲ ಎಂಬುದು ಈಗ ಹೊಳೆಯಿತು. ಬಂದಾಗಲೆಲ್ಲ ನಿಂತೇ ನೋಡಿ ಹೋಗುತ್ತಿದ್ದ. ತಾನು ನೌಕರಿ ಕಳೆದುಕೊಳ್ಳುವವನೇನೂ ಅಲ್ಲ. ಬೆಂಚು ಹೋದರೆ ಒಂದು ಇರುಸುಮುರುಸು, ಎರಡು ದಿನ ಆಫೀಸಿನಲ್ಲಿ ತಗ್ಗಿದ ಮುಖ, ಅಷ್ಟೇ. ಆ ಅಷ್ಟಕ್ಕೆ ಈ ಮುದುಕಿ ತನ್ನ ಶ್ವಾಸಕೋಶವನ್ನೇ ಅಡವಿಟ್ಟು ಕೂತಿದ್ದಾಳೆ. ಯಾರು ಹೇಳಿದರು ಇವಳಿಗೆ? ಯಾರೂ ಹೇಳಲಿಲ್ಲ. ಊರಲ್ಲಿ ಶಾಲೆಗೆ ಇನ್‌ಸ್ಪೆಕ್ಟರು ಬಂದರೆ, ಮಾಸ್ತರ ಮರ್ಯಾದೆ ಹೋಗಬಾರದೆಂದು ಶಾಲೆ ಬಿಟ್ಟ ಹುಡುಗರನ್ನೂ ಹೊಲದಿಂದ ಕರೆತಂದು ಬೆಂಚು ತುಂಬಿಸುತ್ತಿದ್ದರಲ್ಲ, ಹಾಗೆ. ನಮ್ಮವನ ಪರೀಕ್ಷೆ ನಡೆದಿದೆ, ನಾವು ಕೂತು ಕೊಡಬೇಕು. ಪ್ರೀತಿಯ ಲೆಕ್ಕ ಅಷ್ಟು ಸರಳ. ಅವನಿಗೆ ಆಕೆಯ ಮೇಲೆ ಸಿಟ್ಟು ಬಂತು. ಇಷ್ಟು ಒಳ್ಳೆಯತನ ಯಾರು ಕೇಳಿದ್ದರು.

"ಅವ್ವಾರ, ಈ ಬೆಂಚು ಇಲ್ಲಿ ಇಡಬಾರದಾಗಿತ್ತು," ಎಂದ. "ಬಿಸಿಲು ಬೀಳಂಗಿಲ್ಲ. ಗಾಳಿ ಸೀದಾ ಈ ಸಂದ್ಯಾಗಿಂದ ಬಂದು ಬಡೀತದ. ಜಾಗ ತಪ್ಪ್ಯದ. ನೀವು ಇಲ್ಲಿ ಕುಂದ್ರಬ್ಯಾಡ್ರಿ."

ಶಿವಕ್ಕ ಅವನ ಮುಖ ನೋಡಿದಳು. "ಯಾರೇನಂದ್ರು?"

"ಯಾರೂ ಏನೂ ಅಂದಿಲ್ರೀ."

"ಅಂದಿರ್ತಾರ. ಆ ಬಿಳೀ ಮೇಡಮ್ ಅಂದಿರ್ತಾಳು. ಮುಖ ನೋಡು, ಹೆಂಗ ಸಣ್ಣದಾಗೈತಿ. ಮಂದಿ ಅಂತಾರಪಾ, ಅಂದಾಗೆಲ್ಲಾ ನಾವ ತಪ್ಪು ಅಂತ ಒಪ್ಕೋಬಾರ್ದು. ನಾ ಇರೂತನಾ ಒಬ್ಬರೂ ಬೆಂಚಿಗೆ ಕೈ ಹಚ್ಚಂಗಿಲ್ಲ. ಸುಮ್ನ ಕುಂದ್ರು." ಎಂದು ಅವನ ಬೆನ್ನು ಸವರಿದಳು. ಕೋಟಿನ ಮೇಲಿಂದಲೂ ಆ ಕೈಯ ತಣ್ಪು ತಟ್ಟಿತು.

ಅವನು ಕೊನೆಗೆ ಎದುರಿನ ಗೋಡೆಯನ್ನು ತೋರಿಸಿದ. "ಅಲ್ಲೀಗರೆ ಹೋಗಿ ಕುಂದ್ರೂಣು ಬರ್ರಿ. ನೋಡ್ರಿ, ಬಿಸಿಲು ಎಷ್ಟು ಚಂದ ಬಿದ್ದದ."

ಆಕೆ ನೋಡಿದಳು. ಸಾಲಾಗಿ ನಿಂತ ಕಸದ ಡಬ್ಬಿಗಳು, ಒಂದರ ಮುಚ್ಚಳ ತೆರೆದು ಕಪ್ಪು ಚೀಲ ಹೊರಗೆ ಜೋತುಬಿದ್ದಿತ್ತು, ಪಕ್ಕದಲ್ಲಿ ಯಾರೋ ಬಿಸಾಡಿದ ಹಾಸಿಗೆ. ಆಕೆಯ ಮುಖದಲ್ಲಿ ಮೊದಲ ಸಲ ನೋವು ಕಾಣಿಸಿತು. "ತಿಪ್ಪಿ ಮುಂದ ಕುಂದ್ರು ಅಂತೀಯೇನ ತಮ್ಮಾ ನನಗ?" ಎಂದಳು, ಮೆಲ್ಲಗೆ. ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಡೀ ಅಂಗಳದಲ್ಲಿ ಮನುಷ್ಯರು ಕೂರಬಹುದಾದ ಒಂದೇ ಜಾಗವನ್ನು ಹುಡುಕಿ, ಬೇಕೆಂದೇ ಆರಿಸಿದಂತೆ, ಕಸಕ್ಕೆ ಕೊಟ್ಟಿದ್ದಾನೆ. ಮನುಷ್ಯರನ್ನು ಕಸವಿಡಬೇಕಾದಲ್ಲಿ ಕೂರಿಸಿದ್ದಾನೆ. ಈಗ ಈ ಹಿರಿಯಳಿಗೆ, ಹೋಗು, ಅಲ್ಲಿ ಕೂರು ಎನ್ನುತ್ತಿದ್ದಾನೆ.

ಎದ್ದ. ಏನಾದರೂ ಮಾಡಬೇಕಲ್ಲ ಎಂದು ಸ್ಟ್ಯಾಂಡನ್ನು ಎತ್ತಿಕೊಂಡು ಅಂಗಳ ದಾಟಿದ. ನಡುವೆ ಒಂದು ಕಡೆ ನೆರಳಿನ ಅಂಚು ನೆಲದ ಮೇಲೆ ಗೆರೆ ಎಳೆದಂತೆ ಮುಗಿದಿತ್ತು. ಅದನ್ನು ದಾಟಿದ ಕೂಡಲೇ ಮುಖದ ಮೇಲೆ ಯಾರೋ ಬೆಚ್ಚನೆ ಅಂಗೈ ಇಟ್ಟಂತಾಯಿತು. ಇಟ್ಟಿಗೆ ಗೋಡೆ ಕಾಲಿಗೆ ಬರುವ ಗಾಳಿಯನ್ನೂ ತಡೆದಿತ್ತು. ಡಬ್ಬಿಗಳ ಹತ್ತಿರ ಸ್ಟ್ಯಾಂಡ್ ಊರಿ ನಿಂತ. ಎರಡೂ ಕಡೆ ಗಾಳಿಯ ಶಾಖ ಒಂದೇ, ಏಳು ಡಿಗ್ರಿ. ಚೆಂಡು ಮಾತ್ರ ಬೆಂಚಿನ ಹತ್ತಿರ ಆರು ಎಂದದ್ದು ಇಲ್ಲಿ ನಿಧಾನವಾಗಿ ಏರುತ್ತ ಏರುತ್ತ ಹದಿನೈದು ದಾಟಿತು. ಒಂದೇ ಊರು, ಒಂದೇ ದಿನ, ಒಂದೇ ಅಂಗಳ. ನಡುವೆ ಇಪ್ಪತ್ತು ಹೆಜ್ಜೆಯೂ ಇಲ್ಲ. ಕೊಳೆತ ಬಾಳೆಹಣ್ಣಿನ ಸಿಪ್ಪೆಯ ವಾಸನೆ ಬರುತ್ತಿತ್ತು. ಅಲ್ಲೊಂದು ಹಾಲಿನ ಕ್ರೇಟು ಬೋರಲಾಗಿ ಬಿದ್ದಿತ್ತು. ಯೋಚನೆ ಮಾಡಿ ಮಾಡಿದ್ದಲ್ಲ. ಅದರ ಮೇಲೆ ಕೂತುಬಿಟ್ಟ. ಕೋಟು, ಟೈ, ಕೊರಳಿಗೆ ಆಫೀಸಿನ ಗುರುತಿನ ಚೀಟಿ, ಬೆನ್ನಿಗೆ ಕಸದ ಡಬ್ಬಿ. ಬೆನ್ನು ಬೆಚ್ಚಗಾಯಿತು. ಕಣ್ಣು ಮುಚ್ಚಿದ. ಎಷ್ಟು ಹಿತವೆನಿಸಿತೆಂದರೆ ನಾಚಿಕೆಯಾಯಿತು.

ಕಣ್ಣು ತೆರೆದಾಗ ಅಂಗಳದ ಬಾಗಿಲಲ್ಲಿ ಮಿಸೆಸ್ ಹಾರ್‌ಗ್ರೀವ್ ಕಾಣಿಸಿದಳು. ಮಧ್ಯಾಹ್ನ ಬರುತ್ತೇನೆಂದು ಮೊದಲೇ ಹೇಳಿದ್ದಳು, ಇವನಿಗೆ ಮರೆತಿತ್ತು. ಮೊದಲು ಬೆಂಚಿನ ಕಡೆ ನೋಡಿದಳು, ಆಮೇಲೆ ಅವನನ್ನು ಹುಡುಕಿದಳು, ಆಮೇಲೆ ಕಂಡಳು, ಕಂಡು ನಿಂತಳು. ಏಳಬೇಕು ಎಂದು ಮೈ ಹೇಳಿತು. ಎದ್ದು, ಪ್ಯಾಂಟು ಕೊಡವಿಕೊಂಡು, ಅಳತೆ ತೆಗೆದುಕೊಳ್ಳುತ್ತಿದ್ದೆ ಎಂದು ನಗಬೇಕು. ಆಕೆ ಹತ್ತಿರ ಬರುವಷ್ಟರಲ್ಲಿ ಇನ್ನೊಂದು ಕಡೆಯಿಂದ ಚಪ್ಪಲಿಯ ಪಟಪಟ ಸದ್ದು ಕೇಳಿತು. ಶಿವಕ್ಕ. ಬೆಂಚು ಬಿಟ್ಟು ಎದ್ದಿದ್ದಳು, ಅಂಗಳ ದಾಟುತ್ತಿದ್ದಳು, ಓಡುತ್ತಿದ್ದಳು ಎಂದೇ ಹೇಳಬೇಕು. ಹಳದಿ ಜಾಕೀಟು ಎರಡು ಕಡೆ ಹಾರುತ್ತಿತ್ತು.

"ಏಳ, ಏಳ ಮದ್ಲ," ಎಂದು ಬಂದವಳೇ ಅವನ ತೋಳು ಹಿಡಿದು ಎಳೆದಳು. "ನಿನಗ ಬುದ್ಧಿ ಐತಿಲ್ಲೋ? ಕಲತಾಂವ, ಆಫೀಸರ ಮನಶ್ಯಾ, ತಿಪ್ಪ್ಯಾಗ ಕುಂದರ್ತೀಯಾ? ಆಕಿ ಬಂದ್ಲು, ನೋಡ್ಯಾಳು. ನಾಲ್ಕ ಮಂದಿ ಏನಂದಾರು? ನನ್ನ ಮ್ಯಾಲ ಸಿಟ್ಟಿದ್ರ ನನ್ನ ಬೈಯಿ, ಇಲ್ಲಿ ಬಂದು ಕುಂದ್ರೂದಂದ್ರೇನು?"

ಅವನು ಏಳಲಿಲ್ಲ. ಯಾಕೆಂದರೆ ಆಕೆಯ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಸುಕ್ಕುಗಳ ಒಳಗೂ ಬಿದ್ದಿತ್ತು. ತಾನು ಎದ್ದರೆ ಈ ಮುದುಕಿ ತನ್ನನ್ನು ಎಳೆದುಕೊಂಡು ಸೀದಾ ನೆರಳಿಗೆ ಹೋಗುತ್ತಾಳೆ. ಕೂತಿರುವವರೆಗೆ ಬೈಯುತ್ತ ಇಲ್ಲೇ ನಿಂತಿರುತ್ತಾಳೆ. ಬೈಯಲಿ. ಇಡೀ ಮಧ್ಯಾಹ್ನ ಬೈಯಲಿ. ಮಿಸೆಸ್ ಹಾರ್‌ಗ್ರೀವ್ ಹತ್ತಿರ ಬಂದು ನಿಂತಿದ್ದಳು, ಕ್ರೇಟಿನ ಮೇಲಿದ್ದವನನ್ನೂ ಅವನ ತೋಳು ಜಗ್ಗುವ ಹಳದಿ ಜಾಕೀಟಿನ ಮುದುಕಿಯನ್ನೂ ನೋಡಿ, ಎಲ್ಲ ಸರಿಯಾಗಿದೆಯೇ ಎಂದು ಕೇಳಿದಳು. ಶಿವಕ್ಕ ಕೂಡಲೇ ಆಕೆಯ ಕಡೆ ತಿರುಗಿ ಸೆರಗು ಸರಿಮಾಡಿಕೊಂಡಳು. ಈ ದಿನಕ್ಕಾಗಿಯೇ ಇಷ್ಟು ದಿನ ಕೂತವಳಲ್ಲವೇ.

"ಹೇಳು ಆಕಿಗೆ," ಎಂದಳು ಅವನಿಗೆ. "ನಾ ಹೇಳಿದ್ದು ಹಂಗ ಇಂಗ್ಲಿಷ್‌ದಾಗ ಹೇಳು. ಬೆಂಚು ಭಾಳ ಚಲೋ ಅದಾವು, ನಾ ದಿನಾ ಕುಂದರ್ತೀನಿ, ಏನೂ ತ್ರಾಸಿಲ್ಲ, ಮನೀಕಿಂತ ಬೆಚ್ಚಗ ಐತಿ. ಈ ಹುಡುಗಂದೇನೂ ತಪ್ಪಿಲ್ಲ. ಹೇಳು."

ಏನು ಹೇಳುತ್ತಿದ್ದಾರೆ ಇವರು, ಎಂದು ಮಿಸೆಸ್ ಹಾರ್‌ಗ್ರೀವ್ ಕೇಳಿದಳು.

ವಿಶ್ವನಾಥ ಕೂತಲ್ಲಿಂದಲೇ ಇಂಗ್ಲಿಷಿನಲ್ಲಿ ಹೇಳಿದ: "ಅಲ್ಲಿ ಬಹಳ ಚಳಿ ಎನ್ನುತ್ತಿದ್ದಾರೆ. ಮೂರು ತಿಂಗಳಿಂದ ದಿನಾ ಕೂತು ಎದೆಗೆ ಚಳಿ ಹತ್ತಿ ಆಸ್ಪತ್ರೆ ಸೇರಿದ್ದರು. ಹೊರಗೆ ಕೂರುವುದೆಂದರೆ ಇವರಿಗೆ ಜೀವ. ಆದರೆ ಬೆಂಚು ಇರುವಲ್ಲಿ ಕೋಲ್ಡ್, ತೀರಾ ಕೋಲ್ಡ್. ಕಸ ಅಲ್ಲಿಗೆ ಹೋಗಬೇಕು, ಬೆಂಚು ಇಲ್ಲಿಗೆ ಬರಬೇಕು. ಆ ಸಂದಿಗೆ ಒಂದು ಗೋಡೆ ಬೇಕು."

ಆದರೆ ಈ ನಕ್ಷೆ ನಿಮ್ಮದೇ ಅಲ್ಲವೇ, ಎಂದಳು ಆಕೆ, ಕುಹಕವಿಲ್ಲದೆ, ನಿಜಕ್ಕೂ ತಿಳಿಯದೆ.

"ನನ್ನದೇ," ಎಂದ.

ಅವನ ತೋಳಿನ ಮೇಲಿದ್ದ ಕೈ ಸಡಿಲವಾಯಿತು. ಶಿವಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಅಷ್ಟು ವರ್ಷ ಲಂಡನ್ನಿನಲ್ಲಿದ್ದು, ಜನವರಿಯಲ್ಲಿ ಆಸ್ಪತ್ರೆಯಲ್ಲಿ ಮಲಗಿ ಬಂದವಳಿಗೆ ಕೋಲ್ಡ್ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನನ್ನೇ ನೋಡಿದಳು. "ಏನ ಹೇಳ್ದಿ ಆಕಿಗೆ?" ಎಂದಳು. "ಅಷ್ಟ ದಿನಾ ಕುಂತಿದ್ನೆಲ್ಲೋ ತಮ್ಮಾ," ಎಂದಳು, "ಒಂದ ಮಾತಿಗೆ ತೊಳದ ಬಿಟ್ಟಿ." ಸಿಟ್ಟು ಬರಬೇಕೆಂದು ಕಾದಳು, ಅದು ಬರಲಿಲ್ಲವೆಂದು ತೋರುತ್ತದೆ. ಕೂರಲು ಬಗ್ಗಿದಳು. ವಿಶ್ವನಾಥ ಜಿಗಿದು ಎದ್ದು ಕ್ರೇಟನ್ನು ಒತ್ತಿ ಹಿಡಿದ, ಆಕೆ ಅದರ ಮೇಲೆ ಕುಕ್ಕರಿಸಿದಳು. ಕಸದ ಡಬ್ಬಿಗೆ ಬೆನ್ನು ಮಾಡಿ, ಸೂರ್ಯನಿಗೆ ಮುಖ ಮಾಡಿ ಕೂತಳು. ಮಿಸೆಸ್ ಹಾರ್‌ಗ್ರೀವ್ ಏನು ಮಾಡಬೇಕೋ ತಿಳಿಯದೆ, ತೆರೆದಿದ್ದ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು. ಶಿವಕ್ಕ ಚಪ್ಪಲಿ ಕಳಚಿದಳು, ಕಾಲುಚೀಲವನ್ನೂ ಕಷ್ಟಪಟ್ಟು ಎಳೆದು ತೆಗೆದಳು, ಬರಿಗಾಲನ್ನು ಬಿಸಿಲಿಗೆ ಚಾಚಿದಳು. ಬೆರಳುಗಳು ಬೆಳ್ಳಗಿದ್ದವು.

"ಇದನೂ ಹೇಳು ಆಕಿಗೆ," ಎಂದಳು ಕಣ್ಣು ಮುಚ್ಚಿಕೊಂಡೇ. "ಹಗಲೊತ್ತು ಅಲ್ಲಿ ಕುಂತು ಹ್ವಾದ್ರ, ರಾತ್ರಿ ಎಷ್ಟ ಹೊದ್ದರೂ ಕಾಲು ನನ್ನವು ಅನಸ್ತಿರ್ಲಿಲ್ಲ. ಸೊಸಿಗೂ ಹೇಳಿಲ್ಲ ನಾ."

ಈ ಸಲ ಅವನು ಒಂದು ಶಬ್ದವನ್ನೂ ಬಿಡದೆ ಹೇಳಿದ.